ಸಿದ್ಧವಾಗುವ ಮೆದುಳು, ಕೆಲಸ ಮಾಡುವ ಮೆದುಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಡಗಿನ ವಿರಾಜಪೇಟೆಯಲ್ಲಿ ಫಿಸಿಯೋಥೆರಪಿಸ್ಟ್. ಬೆಳಗಿನ ಹೊತ್ತು ಬರುವವರಲ್ಲಿ ಹೆಚ್ಚಿನವರು ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಇರುವ ಹಿರಿಯರು. ಶಾಲೆ ಬಿಟ್ಟ ಮೇಲೆ ಬರುವವರು ಮಂಡಿ, ಹಿಮ್ಮಡಿ ನೋಯಿಸಿಕೊಂಡ ಹಾಕಿ ಮಕ್ಕಳು. ಎರಡೂ ಗುಂಪಿನವರು ಬೇರೆ ಬೇರೆ ಮಾತಿನಲ್ಲಿ ಕೇಳುವುದು ಒಂದೇ ಸಂಗತಿ. ಮಾಡಬೇಕು ಎಂದುಕೊಳ್ಳುವುದಕ್ಕೂ ಮಾಡುವುದಕ್ಕೂ ನಡುವೆ ತಲೆಯೊಳಗೆ ಏನು ನಡೆಯುತ್ತದೆ? ಹತ್ತಾರು ಸಲ ಬಾಯಲ್ಲಿ ಹೇಳಿದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಕೆಲಸ ಶುರುವಾಗುವ ತನಕ ಮೆದುಳು ಸುಮ್ಮನೆ ಕಾಯುತ್ತಿರುತ್ತದೆಯೇ?

ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿಯನ್ನು ನೆನಪಿಸಿಕೊಳ್ಳಿ. ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ದೀಪ ಹಿಡಿದು ಗದ್ದೆಗೆ ಇಳಿದಿದ್ದಾರೆ. ಕದಿರು ತೆಗೆಯುವವರು ಪೈರಿನ ಬುಡವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕುಡುಗೋಲು ಇಟ್ಟುಕೊಂಡು ಬಾಗಿ ನಿಂತಿದ್ದಾರೆ. ಮುಹೂರ್ತಕ್ಕೆ ಇನ್ನು ಕೆಲವೇ ಕ್ಷಣ. ಕೋವಿ ಆಕಾಶಕ್ಕೆ ಎತ್ತಿಯಾಗಿದೆ. ಆ ಹೊತ್ತಿನಲ್ಲಿ ಅವರ ಕೈ ಅಲ್ಲಾಡುವುದಿಲ್ಲ. ಗುಂಡಿನ ಸದ್ದು ಕೇಳಿದ್ದೇ ತಡ, ‘ಪೊಲಿ ಪೊಲಿ ದೇವಾ’ ಎಂಬ ಕೂಗಿನೊಡನೆ ಕುಡುಗೋಲು ಸರಿಯುತ್ತದೆ.

ಕೈ ನಿಶ್ಚಲವಾಗಿದ್ದ ಆ ಕೆಲವು ಕ್ಷಣಗಳಲ್ಲಿ ಮೆದುಳು ಮೈಯೆಲ್ಲ ಕಣ್ಣಾಗಿ ದುಡಿಯುತ್ತಿರುತ್ತದೆ. ಇದಕ್ಕೆ ಮೊದಲ ಗಟ್ಟಿ ಸಾಕ್ಷಿಗಳಲ್ಲಿ ಒಂದು 1976ರಲ್ಲಿ ಜುನ್ ತಾಂಜಿ ಮತ್ತು ಎಡ್ವರ್ಡ್ ಎವರ್ಟ್ಸ್ ಕೋತಿಗಳ ಮೇಲೆ ಮಾಡಿದ ಪ್ರಯೋಗದಿಂದ ಬಂತು. ಕೋತಿಯ ಕೈಯಲ್ಲಿ ಒಂದು ಹಿಡಿ. ಅದನ್ನು ಎಳೆಯಬೇಕೋ ತಳ್ಳಬೇಕೋ ಎಂಬುದನ್ನು ಬಣ್ಣದ ದೀಪ ಮೊದಲೇ ಹೇಳುತ್ತಿತ್ತು, ಆದರೆ ಮಾಡಲು ಮುಂದಿನ ಸೂಚನೆ ಬರುವವರೆಗೆ ಕಾಯಬೇಕಿತ್ತು. ಹಾಗೆ ಕಾಯುತ್ತಿರುವಾಗಲೇ ಚಲನೆಯನ್ನು ನಡೆಸುವ ಮೋಟಾರ್ ಕಾರ್ಟೆಕ್ಸ್‌ನ ಅನೇಕ ನರಕೋಶಗಳ ಮಿಡಿತ ಬದಲಾಗುತ್ತಿತ್ತು. ಎಳೆಯುವ ಸಿದ್ಧತೆಗೆ ಒಂದು ಬಗೆ, ತಳ್ಳುವ ಸಿದ್ಧತೆಗೆ ಇನ್ನೊಂದು ಬಗೆ. ಕೈ ಏನು ಮಾಡಲಿದೆ ಎಂಬುದು, ಕೈ ಏನೂ ಮಾಡದಿರುವಾಗಲೇ ಅಲ್ಲಿ ಬರೆದಿಟ್ಟಂತಿತ್ತು.

ಮೋಟಾರ್ ಕಾರ್ಟೆಕ್ಸ್ ಆಗಲೇ ಮಿಡಿಯುತ್ತಿದ್ದರೆ ಕೈ ಯಾಕೆ ಹೊರಡುವುದಿಲ್ಲ?

ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಶ್ನೆ ಇದು. ಇದರ ಉತ್ತರ ಸಿಕ್ಕಿದ್ದೂ ಇತ್ತೀಚೆಗೆ.

ಹಿಂದೆ ಹೀಗೆ ಊಹಿಸುತ್ತಿದ್ದರು: ಸಿದ್ಧತೆ ಎಂದರೆ ಕೆಲಸದ್ದೇ ಮೆಲುದನಿ. ಕೊಡ ತುಂಬುವಂತೆ ನರಕೋಶಗಳ ಮಿಡಿತ ಏರುತ್ತಾ ಹೋಗುತ್ತದೆ, ಅಂಚು ದಾಟಿದಾಗ ಚೆಲ್ಲಿ ಕೈ ಚಲಿಸುತ್ತದೆ. ಕೇಳಲು ಸರಿಯೆನಿಸುತ್ತದೆ. ಆದರೆ ನೂರಾರು ನರಕೋಶಗಳನ್ನು ಒಟ್ಟಿಗೆ ಅಳೆಯಲು ಸಾಧ್ಯವಾದಾಗ ಕಂಡದ್ದು ಬೇರೆಯೇ. ಸಿದ್ಧತೆಯಲ್ಲಿ ಜೋರಾಗಿ ಮಿಡಿಯುತ್ತಿದ್ದ ಕೋಶ ಚಲನೆಯಲ್ಲಿ ಮೌನವಾಗಬಹುದು, ಸಿದ್ಧತೆಯಲ್ಲಿ ಸುಮ್ಮನಿದ್ದದ್ದು ಚಲನೆಯಲ್ಲಿ ಸಿಡಿಯಬಹುದು. ಒಂದು ಕೋಶ ಸಿದ್ಧತೆಯಲ್ಲಿ ಎಡಗಡೆಯ ಗುರಿಯನ್ನು ಮೆಚ್ಚಿದರೆ, ಚಲನೆಯಲ್ಲಿ ಅದೇ ಕೋಶ ಬಲಗಡೆಯನ್ನು ಮೆಚ್ಚುವುದೂ ಉಂಟು. ಅಂದರೆ ಸಿದ್ಧತೆ ಕೆಲಸದ ಸಣ್ಣ ರೂಪವಲ್ಲ. ಅದೇ ಕೋಶಗಳು, ಜೋಡಣೆ ಮಾತ್ರ ಬೇರೆ.

2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃಷ್ಣ ಶೆಣೈ ಅವರ ತಂಡದ ಮ್ಯಾಥ್ಯೂ ಕಾಫ್‌ಮನ್ ಮತ್ತು ಜೊತೆಗಾರರು ಇದಕ್ಕೆ ಸೊಗಸಾದ ವಿವರಣೆ ಕೊಟ್ಟರು. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬದ ದಿನ ನಮ್ಮ ಮೈದಾನಗಳಲ್ಲಿ ಹಗ್ಗಜಗ್ಗಾಟ ಇರುತ್ತದೆಯಲ್ಲ, ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಎರಡೂ ಕಡೆಯವರು ಸಮಬಲದಿಂದ ಎಳೆಯುತ್ತಿದ್ದರೆ ನಡುವಿನ ಕೆಂಪು ಬಟ್ಟೆ ಇದ್ದಲ್ಲೇ ಇರುತ್ತದೆ. ಒಂದು ಕಡೆ ಇಬ್ಬರು ಬಿಗಿ ಹೆಚ್ಚಿಸಿ, ಅದೇ ಕಡೆಯ ಇನ್ನಿಬ್ಬರು ಅಷ್ಟೇ ಸಡಿಲಿಸಿದರೂ ಬಟ್ಟೆ ಕದಲುವುದಿಲ್ಲ. ಬಟ್ಟೆಯನ್ನಷ್ಟೇ ನೋಡುವವನಿಗೆ ಏನೂ ನಡೆದಂತೆ ಕಾಣದು. ಸ್ನಾಯು ಆ ಬಟ್ಟೆಯ ಹಾಗೆ: ಅದಕ್ಕೆ ತಲುಪುವುದು ಎಲ್ಲ ಕೋಶಗಳ ಒಟ್ಟು ಫಲ ಮಾತ್ರ. ಸಿದ್ಧತೆಯ ಹೊತ್ತಿನಲ್ಲಿ ಕೋಶಗಳ ಏರಿಳಿತ ಒಂದನ್ನೊಂದು ಸರಿದೂಗಿಸುವಂತೆ ನಡೆಯುತ್ತದೆ. ಒಳಗೆ ಏನೇನೋ ಬದಲಾದರೂ ಒಟ್ಟು ಮೊತ್ತ ಬದಲಾಗದು. ಸೂಚನೆ ಬಂದೊಡನೆ ಆ ಸಮತೂಕ ತಪ್ಪಿ, ಮಿಡಿತವು ಸ್ನಾಯುವಿಗೆ ಮುಟ್ಟುವ ದಿಕ್ಕಿಗೆ ಹೊರಳುತ್ತದೆ.

ಇದರ ಜೊತೆ ತಡೆಯೂ ಇದೆ. ಮನುಷ್ಯರ ತಲೆಯ ಮೇಲೆ ಕಾಂತಕ್ಷೇತ್ರದ ಸುರುಳಿ ಇಟ್ಟು ಮೋಟಾರ್ ಕಾರ್ಟೆಕ್ಸ್‌ಗೆ ಒಂದು ತಟ್ಟು ಕೊಟ್ಟರೆ ಬೆರಳು ಅದುರುತ್ತದೆ. ಕೆಲಸಕ್ಕೆ ಸಿದ್ಧವಾಗಿ ಕಾಯುತ್ತಿರುವಾಗ ಅದೇ ತಟ್ಟು ಕೊಟ್ಟರೆ ಅದುರುವಿಕೆ ಎಂದಿಗಿಂತ ಕಡಿಮೆ. ತುದಿಗಾಲಲ್ಲಿ ನಿಂತಿದ್ದೇವೆ ಎಂದು ನಮಗೆ ಅನಿಸುವ ಗಳಿಗೆಯಲ್ಲಿ ಕೈಗೆ ಹೋಗುವ ದಾರಿಯನ್ನು ಮೆದುಳು ಹೆಚ್ಚು ಬಿಗಿಯಾಗಿ ಕಾಯುತ್ತಿರುತ್ತದೆ.

ತಲೆಬುರುಡೆ ತೆರೆಯದೆ ಇದನ್ನು ನೋಡಬಹುದೇ?

ನೋಡಬಹುದು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ತನ್ನು ನೆತ್ತಿಯ ಮೇಲಿನಿಂದ ಮೊದಲ ಬಾರಿ ದಾಖಲಿಸಿದರು. ಇಂದು ಮೂರ್ಛೆರೋಗದ ಪರೀಕ್ಷೆಗೆ ಆಸ್ಪತ್ರೆಗಳಲ್ಲಿ ಮಾಡುವ ಇಇಜಿ ಅದರದ್ದೇ ಮುಂದುವರಿಕೆ.

1964ರಲ್ಲಿ ಫ್ರೈಬರ್ಗ್‌ನಲ್ಲಿ ಹಾನ್ಸ್ ಕಾರ್ನ್‌ಹೂಬರ್ ಮತ್ತು ಅವರ ವಿದ್ಯಾರ್ಥಿ ಲೂಡರ್ ಡೀಕೆ ಒಂದು ಸರಳವಾದ ಪ್ರಶ್ನೆ ಹಿಡಿದು ಕುಳಿತರು. ಯಾರ ಸೂಚನೆಯೂ ಇಲ್ಲದೆ, ತಾನಾಗಿ ಮನಸ್ಸು ಬಂದಾಗ ಬೆರಳು ಅಲ್ಲಾಡಿಸುವವನ ಮೆದುಳಿನಲ್ಲಿ ಅದಕ್ಕೆ ಮುಂಚೆ ಏನಾಗುತ್ತದೆ? ತೊಡಕು ಏನೆಂದರೆ, ಬೆರಳು ಯಾವಾಗ ಅಲ್ಲಾಡುತ್ತದೆ ಎಂದು ಮೊದಲೇ ತಿಳಿಯದು, ತಿಳಿದಾಗ ಅದರ ಹಿಂದಿನ ಕ್ಷಣ ಕಳೆದುಹೋಗಿರುತ್ತದೆ. ಅವರು ಎಲ್ಲವನ್ನೂ ಟೇಪಿನಲ್ಲಿ ತುಂಬಿಸಿಕೊಂಡು, ಟೇಪನ್ನು ಹಿಂದುಮುಂದಾಗಿ ಓಡಿಸಿದರು! ಬೆರಳು ಅಲ್ಲಾಡಿದ ಬಿಂದುವಿನಿಂದ ಹಿಂದಕ್ಕೆ ಅಳೆಯುತ್ತಾ, ಎಷ್ಟೋ ಸಲದ ದಾಖಲೆಗಳ ಸರಾಸರಿ ತೆಗೆದರು. ಆಗ ಒಂದು ಮೆಲ್ಲನೆಯ ಇಳಿಜಾರು ಕಂಡಿತು. ಚಲನೆಗೆ ಒಂದರಿಂದ ಎರಡು ಸೆಕೆಂಡು ಮೊದಲೇ ನೆತ್ತಿಯ ನಡುಭಾಗದಲ್ಲಿ ಋಣ ವಿದ್ಯುತ್ತು ಕೂಡಿಕೊಳ್ಳತೊಡಗುತ್ತದೆ. ಕೊನೆಯ ಅರ್ಧ ಸೆಕೆಂಡಿನ ಸುಮಾರಿಗೆ ಇಳಿಜಾರು ಕಡಿದಾಗುತ್ತದೆ, ಚಲಿಸಲಿರುವ ಕೈಯ ಎದುರು ಬದಿಗೆ ವಾಲುತ್ತದೆ. ಬಲಗೈಗೆ ಎಡ ಮೆದುಳು, ಎಡಗೈಗೆ ಬಲ ಮೆದುಳು. 1965ರಲ್ಲಿ ಪ್ರಕಟವಾದ ಈ ಅಲೆಗೆ ‘ಸಿದ್ಧತಾ ವಿಭವ’ ಎಂದು ಹೇಳಬಹುದು. ಅದು ಕೆಲವೇ ಮೈಕ್ರೋವೋಲ್ಟ್‌ನಷ್ಟು, ಮೆದುಳಿನ ಉಳಿದ ಗದ್ದಲದಲ್ಲಿ ಮುಚ್ಚಿಹೋಗುವಂಥದ್ದು. ಆದ್ದರಿಂದಲೇ ಸರಾಸರಿ ಬೇಕಾಯಿತು.

ಅದೇ 1964ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಇನ್ನೊಂದು ಅಲೆಯನ್ನು ಕಂಡುಕೊಂಡರು. ಮೊದಲು ಒಂದು ಎಚ್ಚರಿಕೆಯ ಸದ್ದು, ಸ್ವಲ್ಪ ಹೊತ್ತಿನ ಮೇಲೆ ಗುಂಡಿ ಒತ್ತಬೇಕಾದ ಸೂಚನೆ. ಈ ಎರಡರ ನಡುವಿನ ಕಾಯುವಿಕೆಯಲ್ಲಿ ನಿಧಾನವಾಗಿ ಏರುವ ಅಲೆ ಅದು. ಪುತ್ತರಿಯ ಗದ್ದೆಯಲ್ಲಿ ಬಾಗಿ ನಿಂತವರ ತಲೆಯಲ್ಲಿ ಇರುವುದು ಹೆಚ್ಚಾಗಿ ಇದೇ.

ಬೀಟಾ ಅಲೆ ಎಂದು ಕೇಳಿದ್ದೇನೆ. ಅದು ಏನು?

ಕೈ ಸುಮ್ಮನಿರುವಾಗ ಮೋಟಾರ್ ಕಾರ್ಟೆಕ್ಸ್‌ನ ಕೋಶಸಮೂಹಗಳು ಸೆಕೆಂಡಿಗೆ ಸುಮಾರು 13ರಿಂದ 30 ಸಲ ಒಂದೇ ತಾಳಕ್ಕೆ ಏರಿಳಿಯುತ್ತವೆ. ಚಲನೆಗೆ ಸಿದ್ಧವಾಗುತ್ತಿದ್ದಂತೆ ಈ ತಾಳ ಕ್ಷೀಣಿಸುತ್ತದೆ. ಚಲನೆ ನಡೆಯುವಾಗ ಇನ್ನೂ ಕುಗ್ಗುತ್ತದೆ. ಮುಗಿದು ಅರ್ಧ-ಒಂದು ಸೆಕೆಂಡಿನೊಳಗೆ ಮೊದಲಿಗಿಂತಲೂ ಜೋರಾಗಿ ಮರಳಿ ಬರುತ್ತದೆ. ವಾಲಗಕ್ಕೆ ಎಲ್ಲರೂ ಒಂದೇ ಹೆಜ್ಜೆ ಹಾಕುತ್ತಿದ್ದವರು ಚದುರಿ ತಮ್ಮ ತಮ್ಮ ಕೆಲಸಕ್ಕೆ ಹೋಗಿ, ಕೆಲಸ ಮುಗಿದೊಡನೆ ಮತ್ತೆ ಸಾಲುಗೂಡಿದ ಹಾಗೆ.

ಹಾಕಿಯ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಗೋಲ್‌ಕೀಪರ್ ಚೆಂಡು ನೋಡಿ ಹಾರುತ್ತಾನೋ, ಊಹಿಸಿ ಹಾರುತ್ತಾನೋ?

ಲೆಕ್ಕ ಹಾಕಿ ನೋಡೋಣ. ಸ್ಟ್ರೋಕ್ ಬಿಂದುವಿನಿಂದ ಗೋಲ್ ಗೆರೆಗೆ 6.4 ಮೀಟರ್. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೊರಟ ಚೆಂಡು ಅದನ್ನು ದಾಟಲು ಕಾಲು ಸೆಕೆಂಡು ಸಾಕು. ಕಣ್ಣಿಗೆ ಕಂಡ ಸೂಚನೆಗೆ ಬೆರಳು ಒತ್ತಲು, ಬರೀ ಬೆರಳು ಒತ್ತಲು, ಆರೋಗ್ಯವಂತ ಯುವಕನಿಗೆ ಸುಮಾರು 0.2 ಸೆಕೆಂಡು ಬೇಕು. ಇಡೀ ಮೈಯನ್ನು ಮೂಲೆಗೆ ಎಸೆಯಲು ಉಳಿಯುವುದು ಏನೂ ಇಲ್ಲ. ಹೀಗಾಗಿ ಒಳ್ಳೆಯ ಗೋಲ್‌ಕೀಪರ್ ಚೆಂಡನ್ನು ಕಾಯುವುದಿಲ್ಲ. ಹೊಡೆಯುವವನ ಭುಜ, ಸೊಂಟ, ಸ್ಟಿಕ್ಕಿನ ತಿರುವು ನೋಡುತ್ತಾ ಎಡಕ್ಕೂ ಬಲಕ್ಕೂ ಎರಡು ಸಿದ್ಧತೆಗಳನ್ನು ಒಟ್ಟಿಗೆ ಇಟ್ಟುಕೊಂಡಿರುತ್ತಾನೆ. ಸುಳಿವು ಸಿಕ್ಕಂತೆಲ್ಲ ಒಂದು ಬಲಿತು ಇನ್ನೊಂದು ಸೊರಗುತ್ತದೆ.

ನಿಯಮವೂ ಅವನ ಮೆದುಳಿನಿಂದ ಕಷ್ಟದ ಕೆಲಸವನ್ನೇ ಕೇಳುತ್ತದೆ. ಶಿಳ್ಳೆ ಊದಿದ ಮೇಲೆ ಚೆಂಡು ಆಡುವವರೆಗೆ ಅವನು ಪಾದ ಕದಲಿಸುವಂತಿಲ್ಲ. ಪೂರ್ತಿ ಸಿದ್ಧನಾಗಿರಬೇಕು, ಪೂರ್ತಿ ತಡೆಹಿಡಿದಿರಬೇಕು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುತ್ತಾರೆ. ಅಲ್ಲಿ ಗೋಲ್ ಕಾಯಲು ನಿಂತ ಹಿರಿಯರನ್ನು ಗಮನಿಸಿ: ಓಟದಲ್ಲಿ ಹಿಂದೆ ಬಿದ್ದವರು ಓದುವುದರಲ್ಲಿ ಮುಂದಿರುತ್ತಾರೆ.

ಜೋರಾದ ಸದ್ದಿಗೆ ಕೈ ತಾನೇ ಹೊರಟುಬಿಡುತ್ತದೆ. ಯಾಕೆ?

ಸಿದ್ಧತೆ ಆಗಲೇ ಮುಗಿದಿದ್ದರೆ ಅದನ್ನು ಬಿಡಿಸಲು ಒಂದು ಬೆಚ್ಚುವಿಕೆ ಸಾಕು. 1999ರಲ್ಲಿ ಸ್ಪೇನಿನ ವಾಲ್ಸ್-ಸೋಲೆ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಸಿದ್ಧವಾಗಿ ಕಾಯುತ್ತಿರುವವನಿಗೆ ಬೆಚ್ಚಿಬೀಳಿಸುವಷ್ಟು ಜೋರಾದ ಸದ್ದು ಕೇಳಿಸಿದರೆ, ಮಾಡಬೇಕಾದ ಚಲನೆಯೇ 0.1 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ, ಅಚ್ಚುಕಟ್ಟಾಗಿ ಹೊರಬರುತ್ತದೆ. ಚಲನೆಯ ಪಾಠ ಕೆಳಗಿನ ಮೆದುಳುಕಾಂಡದ ಕೈಗೆ ಎಟಕುವಂತೆ ಮೊದಲೇ ಇಡಲ್ಪಟ್ಟಿರುತ್ತದೆ ಎಂಬುದು ಇದಕ್ಕೆ ಒಂದು ವಿವರಣೆ. ಓಟದ ಸ್ಪರ್ಧೆಗಳಲ್ಲಿ ಪಿಸ್ತೂಲಿನ ಸದ್ದಾಗಿ 0.1 ಸೆಕೆಂಡಿನೊಳಗೆ ಕಾಲೆತ್ತಿದವನನ್ನು ತಪ್ಪು ಆರಂಭ ಎಂದು ಎಣಿಸುವುದು ತಿಳಿದ ವಿಷಯ. ಅತಿ ಜೋರಾದ ಸದ್ದಿಗೆ ಆ ಗೆರೆ ಎಷ್ಟು ನ್ಯಾಯವಾದದ್ದು ಎಂಬ ಚರ್ಚೆ ನನಗೆ ಸಕಾರಣವೆನಿಸುತ್ತದೆ.

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಕೆಲವರಿಗೆ ಯಾಕೆ ಅಷ್ಟು ನೆಮ್ಮದಿ?

ಮರದ ತುದಿಗೆ ಕಟ್ಟಿದ ಕಾಯಿ ಗಾಳಿಗೆ ಅಲುಗುತ್ತಿರುತ್ತದೆ. ಪಳಗಿದವರು ಕೋವಿಯ ಹಿಡಿಯನ್ನು ಭುಜಕ್ಕೊತ್ತಿ, ಕೆನ್ನೆ ತಾಗಿಸಿ, ಅರ್ಧ ಉಸಿರು ಬಿಟ್ಟು ಅಲ್ಲೇ ನಿಲ್ಲಿಸುತ್ತಾರೆ. ತೋರುಬೆರಳಿನ ತುದಿ ಬಿಟ್ಟರೆ ಬೇರೆಲ್ಲ ಕಲ್ಲು. ಗುರಿಕಾರರ ಮೆದುಳಿನ ಅಲೆಗಳನ್ನು 1980ರ ದಶಕದಿಂದ ಅಳೆಯುತ್ತಾ ಬಂದಿದ್ದಾರೆ. ನುರಿತವರಲ್ಲಿ ಕೋವಿಯ ಕುದುರೆ ಎಳೆಯುವ ಮುಂಚಿನ ಸೆಕೆಂಡುಗಳಲ್ಲಿ ಮೆದುಳಿನ ಎಡ ಪಕ್ಕದಲ್ಲಿ, ಕಿವಿಯ ಮೇಲ್ಭಾಗಕ್ಕೆ, ಆಲ್ಫಾ ಎಂಬ ನಿಧಾನ ತಾಳದ ಅಲೆ ಏರುತ್ತದೆ. ಮಾತು, ಲೆಕ್ಕಾಚಾರಗಳಿಗೆ ಬೇಕಾದ ಆ ಭಾಗ ವಿಶ್ರಾಂತಿಗೆ ಸರಿಯುತ್ತದೆ ಎಂಬುದು ಸಾಮಾನ್ಯ ವಿವರಣೆ. ಹೃದಯದ ಬಡಿತವೂ ಆಗ ಸ್ವಲ್ಪ ನಿಧಾನವಾಗುತ್ತದೆ. ಕೆನಡಾದ ಜೋನ್ ವಿಕರ್ಸ್ ಕಣ್ಣಿನ ಚಲನೆಯನ್ನು ಅಳೆದು, ಚಲನೆ ಶುರುವಾಗುವ ಮುನ್ನ ನುರಿತವರ ನೋಟ ಗುರಿಯ ಮೇಲೆ ಹೆಚ್ಚು ಹೊತ್ತು ನೆಟ್ಟಿರುತ್ತದೆ ಎಂದು ತೋರಿಸಿದರು.

ಇದು ಗೊತ್ತಿದ್ದೂ ಹಿಂದೆ ನಿಂತು ‘ಸ್ವಲ್ಪ ಎಡಕ್ಕೆ, ಎಡಕ್ಕೆ’ ಎಂದು ಕೂಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೆದುಳು ಮಾತಿನ ಬಾಗಿಲು ಮುಚ್ಚಿಕೊಳ್ಳುತ್ತಿರುವ ಹೊತ್ತಿಗೇ ಅದನ್ನು ತಟ್ಟಿದಂತಾಗುತ್ತದೆ.

ಅಭ್ಯಾಸದಲ್ಲಿ ಚೆನ್ನಾಗಿ ಆಡುವ ಮಗಳು ಫೈನಲ್ ದಿನ ಮುಗ್ಗರಿಸುತ್ತಾಳೆ. ಅವಳ ಧೈರ್ಯ ಸಾಲದೇ?

ಧೈರ್ಯದ ಮಾತು ಬಿಡಿ. ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕೋತಿಗಳಿಗೂ ಹೀಗೇ ಆಯಿತು. ಬಹುಮಾನ ಹೆಚ್ಚಿದಂತೆ ಅವುಗಳ ಕೈಚಳಕ ಸುಧಾರಿಸಿತು. ಆದರೆ ಅಪರೂಪಕ್ಕೆ ಸಿಗುವ ಅತಿ ದೊಡ್ಡ ಬಹುಮಾನ ಮುಂದಿದ್ದಾಗ ತಪ್ಪಿದವು. ಎಡವಟ್ಟು ಶುರುವಾದದ್ದು ಕೈಚಾಚಿದ ಮೇಲಲ್ಲ, ಸಿದ್ಧತೆಯಲ್ಲಿ: ಯಾವ ಗುರಿಯ ಕಡೆಗೆ ಎಂಬ ಗುರುತು ಮೋಟಾರ್ ಕಾರ್ಟೆಕ್ಸ್‌ನಲ್ಲಿ ಮಸುಕಾಗಿತ್ತು. ಪಣ ಮಿತಿಮೀರಿದಾಗ ಸಿದ್ಧತೆಯೇ ಕದಡುತ್ತದೆ. ಬೆಳಿಗ್ಗೆ ಮನೆಯಿಂದ ಹೊರಡುವಾಗ ‘ಇವತ್ತು ಊರೆಲ್ಲ ನಿನ್ನನ್ನೇ ನೋಡುತ್ತದೆ’ ಎನ್ನಬೇಡಿ. ಸ್ಟ್ರೋಕ್ ತೆಗೆಯುವ ಮುನ್ನ ಅವಳು ದಿನವೂ ಮಾಡುವ ಕ್ರಮ ಏನಿದೆಯೋ, ಚೆಂಡು ಇಡುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು, ಒಮ್ಮೆ ಮೂಲೆ ನೋಡುವುದು, ಅದನ್ನು ಅಂದೂ ಹಾಗೆಯೇ ಮಾಡಲಿ.

ನಾನು ನಿರ್ಧರಿಸುವ ಮೊದಲೇ ಮೆದುಳು ನಿರ್ಧರಿಸಿರುತ್ತದೆ ಎನ್ನುತ್ತಾರೆ. ನಿಜವೇ?

ಈ ಮಾತು ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗದಿಂದ ಹಬ್ಬಿತು. ಅವರ ಅಳತೆಯಲ್ಲಿ ಸಿದ್ಧತೆಯ ಅಲೆ ಚಲನೆಗೆ ಅರ್ಧ ಸೆಕೆಂಡಿಗಿಂತ ತುಸು ಮೊದಲು ಶುರುವಾಗಿತ್ತು, ‘ಈಗ ಮಾಡುತ್ತೇನೆ’ ಎಂಬ ಅರಿವು 0.2 ಸೆಕೆಂಡು ಮೊದಲು ಬಂದಿತ್ತು. ಆದರೆ 2012ರಲ್ಲಿ ಆರನ್ ಶುರ್ಗರ್ ಮತ್ತು ಜೊತೆಗಾರರು ಬೇರೆ ಅರ್ಥ ಕೊಟ್ಟರು. ಮೆದುಳಿನಲ್ಲಿ ಸದಾ ನಡೆಯುವ ಏರಿಳಿತ ಒಮ್ಮೆ ಮಿತಿ ದಾಟಿದಾಗ ಚಲನೆಯಾಗುತ್ತದೆ, ಅಂಥ ಗಳಿಗೆಗಳನ್ನಷ್ಟೇ ಹೆಕ್ಕಿ ಸರಾಸರಿ ತೆಗೆದರೆ ಮೊದಲೇ ನಿರ್ಧಾರವಾದಂತೆ ಕಾಣುವ ಇಳಿಜಾರು ತಾನಾಗಿ ಮೂಡುತ್ತದೆ ಎಂದು. ನನಗೆ ಈ ಎರಡನೆಯದು ಹೆಚ್ಚು ಒಪ್ಪಿಗೆ. ಬೆರಳು ಅಲ್ಲಾಡಿಸುವ ಪ್ರಯೋಗದಿಂದ ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ತೀರ್ಪು ಕೊಡುವುದು ಅವಸರ.

ಹೊರಟ ಕೈಯನ್ನು ಹಿಂದೆಗೆಯಬಹುದೇ?

ಚಲನೆ ಶುರುವಾಗುವುದಕ್ಕೆ ಸುಮಾರು 0.2 ಸೆಕೆಂಡು ಮುಂಚೆ ಒಂದು ಗಡಿ ಇದೆ. ಅದಕ್ಕೆ ಮೊದಲು ‘ಬೇಡ’ ಎಂಬ ಸೂಚನೆ ಸಿಕ್ಕರೆ ಹೆಚ್ಚಾಗಿ ತಡೆಯಬಹುದು, ಆಮೇಲೆ ತಡೆಯುವುದು ಕಷ್ಟ. ತಡೆಯುವುದೂ ಮೆದುಳಿಗೆ ಒಂದು ಕೆಲಸವೇ. ಬಲ ಮುಂಭಾಗದ ಕೆಳಗಿನ ಅಂಚು ಮತ್ತು ಆಳದಲ್ಲಿರುವ ಒಂದು ಸಣ್ಣ ನರಗಂಟು ಅದರಲ್ಲಿ ಮುಖ್ಯ ಪಾತ್ರ ವಹಿಸುತ್ತವೆ.

ಕಾಫಿ ಕುಯ್ಯುವವರ ಕೈ ನಿಲ್ಲುವುದೇ ಇಲ್ಲ. ಅವರಿಗೆ ಸಿದ್ಧತೆಯ ಹೊತ್ತು ಎಲ್ಲಿ?

ಪಕ್ಕದಲ್ಲಿ ನಿಂತು ಅವರ ಕೈಯನ್ನಲ್ಲ, ಕಣ್ಣನ್ನು ನೋಡಿ. ರೊಬಸ್ಟಾ ರೆಂಬೆಯನ್ನು ಎಡಗೈ ಬಾಗಿಸಿ ಹಿಡಿದಿದೆ. ಬಲಗೈ ಬೆರಳುಗಳು ಒಂದು ಗೊಂಚಲನ್ನು ಬಿಡಿಸುತ್ತಿವೆ, ಹಣ್ಣು ಬುಟ್ಟಿಗೆ ಬೀಳುವ ಮೊದಲೇ ಕಣ್ಣು ಮುಂದಿನ ಗೊಂಚಲಿಗೆ ಹೋಗಿದೆ. ಒಂದು ಚಲನೆ ನಡೆಯುತ್ತಿರುವಾಗಲೇ ಮುಂದಿನದ್ದರ ಸಿದ್ಧತೆ ಅದೇ ಮೋಟಾರ್ ಕಾರ್ಟೆಕ್ಸ್‌ನಲ್ಲಿ ನಡೆಯಬಲ್ಲದು ಎಂದು ಪ್ರಯೋಗಗಳು ತೋರಿಸಿವೆ. ಎರಡೂ ಬೆರೆತುಹೋಗದಿರುವುದಕ್ಕೆ ಕಾರಣ ಮೇಲೆ ಹೇಳಿದ್ದೇ: ಸಿದ್ಧತೆಯ ಜೋಡಣೆ ಬೇರೆ, ಕೆಲಸದ ಜೋಡಣೆ ಬೇರೆ. ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಹಸಿರು ಕಾಯಿ ಬಿಟ್ಟು ಹಣ್ಣನ್ನಷ್ಟೇ ಆರಿಸುವ ಆ ವೇಗವನ್ನು ‘ಬರೀ ಕೈಕೆಲಸ’ ಎನ್ನುವವರು ಒಂದು ದಿನ ಬುಟ್ಟಿ ಕಟ್ಟಿಕೊಂಡು ನೋಡಬೇಕು.

ಅಪ್ಪನಿಗೆ ಪಾರ್ಕಿನ್ಸನ್. ಹೊಸ್ತಿಲ ಬಳಿ ಬಂದು ಕಾಲು ಅಂಟಿಕೊಂಡಂತೆ ನಿಂತುಬಿಡುತ್ತಾರೆ. ಹಟವೇ?

ಅಲ್ಲ, ಖಂಡಿತ ಅಲ್ಲ. ಮನೆಯವರು ಇದನ್ನು ಮೊದಲು ತಿಳಿಯಬೇಕು. ತಾನಾಗಿ ಒಂದು ಚಲನೆಯನ್ನು ಸಿದ್ಧಪಡಿಸಿ ಹೊರಡಿಸಲು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಗಂಟುಗಳು ಮತ್ತು ನೆತ್ತಿಯ ನಡುಭಾಗದ ಚಲನಾ ಪ್ರದೇಶ ಜೊತೆಯಾಗಿ ದುಡಿಯುತ್ತವೆ. ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೊರತೆಯಿಂದ ಈ ಜೋಡಿ ಸೊರಗುತ್ತದೆ. ಸಿದ್ಧತೆಯ ಅಲೆಯ ಮೊದಲ ಭಾಗ ಅವರಲ್ಲಿ ಕುಗ್ಗಿರುವುದನ್ನು ಇಇಜಿಯಲ್ಲಿ ಕಾಣಬಹುದು. ಕಾಲಿನಲ್ಲಿ ಬಲ ಇದೆ, ಮನಸ್ಸಿನಲ್ಲಿ ಇಚ್ಛೆ ಇದೆ. ಎರಡನ್ನೂ ಜೋಡಿಸುವ ಸಿದ್ಧತೆ ಕೂಡಿಬರುವುದಿಲ್ಲ.

ಆದರೆ ಹೊರಗಿನಿಂದ ಸೂಚನೆ ಸಿಕ್ಕರೆ ಮೆದುಳು ಬೇರೆ ದಾರಿ ಹಿಡಿಯಬಲ್ಲದು. ಕಣ್ಣಿಗೆ ಕಾಣುವ ಗೆರೆ, ಕಿವಿಗೆ ಬೀಳುವ ತಾಳ, ಇವು ಕಿರುಮೆದುಳು ಮತ್ತು ಮೆದುಳಿನ ಹೊರಬದಿಯ ಚಲನಾ ಪ್ರದೇಶಗಳ ಮೂಲಕ ಹೆಜ್ಜೆಯನ್ನು ಹೊರಡಿಸುತ್ತವೆ. ನನ್ನಲ್ಲಿಗೆ ಬರುವ ಒಬ್ಬ ಹಿರಿಯರು ನಯವಾದ ಕೆಂಪು ನೆಲದ ಮೇಲೆ ಒಂದು ಹೆಜ್ಜೆ ಕದಲದೆ ನಿಲ್ಲುತ್ತಿದ್ದರು. ಬಿಳಿ ಟೇಪಿನ ನಾಲ್ಕು ಪಟ್ಟಿ ಅಂಟಿಸಿದೆ. ಅವರು ಕೆಳಗೆ ನೋಡಿದರು, ಮೊದಲ ಪಟ್ಟಿಯನ್ನು ದಾಟಿದರು, ಎರಡನೆಯದನ್ನು, ಮೂರನೆಯದನ್ನು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು.

ನೀವು ಮನೆಯಲ್ಲಿ ಮಾಡುವುದಾದರೆ ಪಟ್ಟಿಗಳನ್ನು ಅವರ ನಡಿಗೆಗೆ ಅಡ್ಡವಾಗಿ, ಅವರ ಹಿಂದಿನ ಸಹಜ ಹೆಜ್ಜೆಯ ಅಳತೆಗೆ ಅಂಟಿಸಿ. ಹೊಸ್ತಿಲಿಗೆ ಎರಡು ಹೆಜ್ಜೆ ಮೊದಲೇ ಶುರುವಾಗಲಿ, ಆಚೆಗೂ ಒಂದೆರಡು ಇರಲಿ. ನೆಲದ ಬಣ್ಣಕ್ಕೆ ಎದ್ದು ಕಾಣುವ ಬಣ್ಣ ಬೇಕು. ಮಳೆಗಾಲದಲ್ಲಿ ತೇವಕ್ಕೆ ಅಂಚು ಎದ್ದು ಕಾಲಿಗೆ ಸಿಕ್ಕಿಕೊಳ್ಳದಂತೆ ವಾರಕ್ಕೊಮ್ಮೆ ಒತ್ತಿ ನೋಡಿ. ನಿಂತಾಗ ತೋಳು ಹಿಡಿದು ಎಳೆಯಬೇಡಿ, ‘ಬೇಗ’ ಎನ್ನಬೇಡಿ. ಪಕ್ಕದಲ್ಲಿ ನಿಂತು ಮೆಲ್ಲಗೆ ‘ಒಂದು, ಎರಡು’ ಎಂದು ಎಣಿಸಿ. ಮೊದಲ ಹೆಜ್ಜೆಗೆ ಅವರ ಮೆದುಳು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಯೋ ಅಷ್ಟು ಹೊತ್ತು ಕಾಯಿರಿ.